ಹನ್ನೆರಡು ಬುಟ್ಟಿಗಳೂ ಕಾರಿನ ಚಾರ್ಜರೂ



ಯೇಸುಸ್ವಾಮಿ ಐದು ರೊಟ್ಟಿ, ಎರಡು ಮೀನುಗಳಿಂದ ಐದು ಸಾವಿರ ಜನರ ಹಸಿವು ನೀಗಿಸಿದ ಘಟನೆ ನಮ್ಮ ಮಕ್ಕಳಿಗೂ ಗೊತ್ತು. ಆದರೆ ಊಟದ ನಂತರ ನಡೆದದ್ದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಮಿಕ್ಕ ಚೂರುಗಳು ಹಾಳಾಗಬಾರದೆಂದು ಸ್ವಾಮಿ ಶಿಷ್ಯರಿಂದ ಅವನ್ನು ಕೂಡಿಸಿದರೆಂದು ಸಂತ ಯೊವಾನ್ನರು ತಿಳಿಸುತ್ತಾರೆ. ಹನ್ನೆರಡು ಬುಟ್ಟಿ ತುಂಬಿದವು. ಬೇಕಾದಷ್ಟು ರೊಟ್ಟಿ ಕೊಡಬಲ್ಲವರೇ ಚೂರಿನ ಲೆಕ್ಕವನ್ನೂ ಇಟ್ಟರು. ಈ ತಿಂಗಳು ಅಂಥದೇ ಒಂದು ಚೂರಿನ ಬಗ್ಗೆ ನಾಲ್ಕು ಮಾತು.

ಮಂಜೇಶ್ವರದಿಂದ ಕಾಸರಗೋಡಿನವರೆಗೆ ನಮ್ಮ ಮನೆಗಳ ಅಂಗಳಕ್ಕೂ ವಿದ್ಯುತ್ ಕಾರುಗಳು ಬರುತ್ತಿವೆ. ಹೊಗೆಯಿಲ್ಲ, ಪೆಟ್ರೋಲಿನ ಖರ್ಚಿಲ್ಲ, ಸಂತೋಷವೇ. ಆದರೆ ಕಾರಿನ ಬ್ಯಾಟರಿ ತುಂಬಿದ ಮೇಲೂ ಗೋಡೆಯ ಚಾರ್ಜರ್ ನಿದ್ದೆ ಹೋಗುವುದಿಲ್ಲ. ಅದರ ಪುಟ್ಟ ದೀಪ, ವೈಫೈ, ಒಳಗಿನ ಸರ್ಕೀಟು ಎಚ್ಚರವಾಗಿಯೇ ಇದ್ದು ಕರೆಂಟು ಎಳೆಯುತ್ತಿರುತ್ತವೆ. ಇದನ್ನೇ ಸ್ಟ್ಯಾಂಡ್‌ಬೈ ಎನ್ನುವುದು.

ಸರಳ ಚಾರ್ಜರುಗಳು ಹೀಗೆ ಒಂದೆರಡು ವ್ಯಾಟ್ ಎಳೆದರೆ, ಪರದೆ ಮತ್ತು ವೈಫೈ ಇರುವ ಕೆಲವು 5 ವ್ಯಾಟ್ ಅಥವಾ ಅದಕ್ಕೂ ಹೆಚ್ಚು ಎಳೆಯುತ್ತವೆ. 5 ವ್ಯಾಟ್ ದಿನದ 24 ಗಂಟೆಯೂ ಹರಿದರೆ ವರ್ಷಕ್ಕೆ ಸುಮಾರು 44 ಯುನಿಟ್. ಒಂದು ಯುನಿಟ್‌ಗೆ 6 ಕಿಲೋಮೀಟರ್ ಎಂದು ಹಿಡಿದರೂ, ಕಾಸರಗೋಡಿನಿಂದ ಮಂಗಳೂರಿಗೆ ಎರಡು ಸಲ ಹೋಗಿ ಬಂದು ಇನ್ನೂ ಮಿಕ್ಕುವಷ್ಟು!

"ಇಷ್ಟು ಸಣ್ಣದಕ್ಕೆ ಇಷ್ಟೊಂದು ಮಾತೇ?" ಎಂದು ಕೇಳಬಹುದು. ಕೇರಳದಲ್ಲಿ ಮನೆಯ ಬಳಕೆ ತಿಂಗಳಿಗೆ 250 ಯುನಿಟ್ ದಾಟಿದರೆ ಹೆಚ್ಚಿನ ದರ ಮೊದಲ ಯುನಿಟ್‌ನಿಂದಲೇ ಬೀಳುತ್ತದೆ. ಗಡಿಯ ಅಂಚಿನಲ್ಲಿರುವ ಮನೆಗೆ ನಾಲ್ಕು ಯುನಿಟ್ ಕೂಡ ದೊಡ್ಡದೇ. "ನಮ್ಮ ಮಾಡಿನ ಮೇಲೆ ಸೋಲಾರ್ ಇದೆ" ಎನ್ನುವವರೂ ಇದ್ದಾರೆ. ಸೂರ್ಯ ಮುಳುಗಿದ ಮೇಲೂ ಚಾರ್ಜರಿನ ದೀಪ ಉರಿಯುತ್ತಲೇ ಇರುತ್ತದಲ್ಲವೇ?

ಕಾರಿನೊಳಗಿನ ನಷ್ಟ ಇನ್ನೂ ದೊಡ್ಡದು. ನಿಂತ ಕಾರನ್ನು ಕಾವಲು ಕಾಯುವ ಕ್ಯಾಮೆರಾಗಳು ಇಡೀ ಕಂಪ್ಯೂಟರನ್ನೇ ಎಚ್ಚರವಾಗಿಡುತ್ತವೆ. "ಎಷ್ಟು ಚಾರ್ಜ್ ಆಯಿತು?" ಎಂದು ಮೊಬೈಲಿನಲ್ಲಿ ಗಳಿಗೆಗೊಮ್ಮೆ ನೋಡಿದರೂ ಕೆಲವು ಕಾರುಗಳು ಎಚ್ಚರಗೊಳ್ಳುತ್ತವೆ. ಚಾರ್ಜ್ ಆಗುವಷ್ಟು ಹೊತ್ತೂ ಈ ಯಂತ್ರಗಳು ತಮ್ಮ ಪಾಲು ತಿನ್ನುವುದರಿಂದ, ತೀರಾ ನಿಧಾನವಾಗಿ, ದೀರ್ಘಕಾಲ ಚಾರ್ಜ್ ಮಾಡಿದಷ್ಟೂ ನಷ್ಟ ಹೆಚ್ಚು. ಪೆಟ್ರೋಲಿನಲ್ಲೂ ಪ್ಲಗ್ಗಿನಲ್ಲೂ ಓಡುವ ಹೈಬ್ರಿಡ್ ಕಾರುಗಳ ಬ್ಯಾಟರಿ ಚಿಕ್ಕದು. ಅಲ್ಲಿ ತುಂಬಿದ್ದಕ್ಕೆ ಹೋಲಿಸಿದರೆ ಪೋಲಾದದ್ದರ ಪಾಲು ಇನ್ನಷ್ಟು ಎದ್ದು ಕಾಣುತ್ತದೆ.

ಹಾಗಾದರೆ ಏನು ಮಾಡೋಣ?

1. ಚಾರ್ಜ್ ಮುಗಿದ ಮೇಲೆ ಮೊದಲು ಕಾರಿನಿಂದ ಗನ್ ತೆಗೆದು, ಆಮೇಲೆ ಗೋಡೆಯ ಸ್ವಿಚ್ ಆರಿಸೋಣ. ಚಾರ್ಜ್ ನಡೆಯುತ್ತಿರುವಾಗ ಸ್ವಿಚ್ ಆರಿಸುವುದು ಬೇಡ. ಗುಡುಗು ಮಳೆಯ ದಿನಗಳಲ್ಲಿ ಪ್ಲಗ್ಗನ್ನೂ ಕಳಚಿಟ್ಟರೆ ಚಾರ್ಜರಿಗೆ ಸಿಡಿಲಿನ ಭಯವೂ ಕಡಿಮೆ.

2. ಮನೆಯಂಗಳದಲ್ಲಿ ಕಾವಲು ಕ್ಯಾಮೆರಾ ಅಗತ್ಯವಿಲ್ಲದಿದ್ದರೆ ನಿಲ್ಲಿಸೋಣ.

3. ವೈರಿಂಗ್ ತಾಳುವಷ್ಟೇ ವೇಗದಲ್ಲಿ ಚಾರ್ಜ್ ಮಾಡೋಣ. ವೇಗ ಹೆಚ್ಚಿಸುವ ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿ ತೋರಿಸಲೇಬೇಕು.

4. ವಾರಗಟ್ಟಲೆ ಊರಿನಲ್ಲಿ ಇಲ್ಲದಿದ್ದರೆ ಕಾರಿನ ಕೈಪಿಡಿ ಹೇಳಿದಂತೆ ಮಾಡೋಣ. ಪ್ಲಗ್ಗಿನಲ್ಲೇ ಇರಲಿ ಎನ್ನುವ ಕಂಪನಿಗಳೂ ಇವೆ.

5. ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ವಿದ್ಯುತ್ ಮಾಪಕಗಳು ಅಂಗಡಿಯಲ್ಲಿ ಸಿಗುತ್ತವೆ. ಧರ್ಮಕೇಂದ್ರದ ಯುವಜನರು ಒಂದನ್ನು ಕೊಂಡು ಮನೆಯಿಂದ ಮನೆಗೆ ಒಯ್ಯಬಹುದು. ಸುಮ್ಮನಿರುವ ಚಾರ್ಜರ್, ಟಿ.ವಿ., ಸೆಟ್‌ಟಾಪ್ ಬಾಕ್ಸ್ ಎಷ್ಟೆಷ್ಟು ಎಳೆಯುತ್ತವೆಂದು ಮಕ್ಕಳೇ ಬರೆದಿಡಲಿ. ಆದರೆ ಅದರ ಮೂಲಕ ರಾತ್ರಿಯಿಡೀ ಕಾರು ಚಾರ್ಜ್ ಮಾಡುವುದು ಬೇಡ, ಬಿಸಿಯಾಗಿ ಕರಗೀತು.

2015ರಲ್ಲಿ ಪ್ರಕಟವಾದ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸ್ ಸೃಷ್ಟಿಯ ಪಾಲನೆಯ ಬಗ್ಗೆ ಬರೆಯುವಾಗ, ಬೇಡದ ದೀಪ ಆರಿಸುವಂಥ ಪುಟ್ಟ ಕೆಲಸಗಳನ್ನೂ ಹೆಸರಿಸಿ ನೆನಪಿಸಿದ್ದಾರೆ. ಇಂಥ ಕೆಲಸಗಳಿಂದ ಲೋಕ ಬದಲಾಗದೆಂದು ಭಾವಿಸಬಾರದೆನ್ನುವುದೂ ಅವರ ಬೋಧನೆ. ಹೊಸ ಕಾರು ಕೊಂಡ ಮಾತ್ರಕ್ಕೆ ನಾವು ಸೃಷ್ಟಿಯ ಪಾಲಕರಾಗುವುದಿಲ್ಲ. ಕೊಂಡ ಮೇಲೆ ಹೇಗೆ ಬಳಸುತ್ತೇವೆ ಎನ್ನುವುದರಲ್ಲಿ ನಮ್ಮ ಪರೀಕ್ಷೆ ಇದೆ. ಮನೆಯಲ್ಲಿ ಉಂಡು ಮಿಕ್ಕ ಅನ್ನವನ್ನು ನಮ್ಮ ತಾಯಂದಿರು ಎಸೆದವರಲ್ಲ. ಕರೆಂಟು ಕಣ್ಣಿಗೆ ಕಾಣದೆಂಬ ಒಂದೇ ಕಾರಣಕ್ಕೆ ಅದನ್ನು ಚೆಲ್ಲುವುದು ಸರಿಯೇ?

ಈ ತಿಂಗಳ ಸಂಕಲ್ಪ: ಬೆಳಿಗ್ಗೆ ಚಾರ್ಜರಿನ ಸ್ವಿಚ್ ಆರಿದೆಯೇ ಎಂದು ನೋಡುವ ಜವಾಬ್ದಾರಿಯನ್ನು ಮನೆಯ ಒಬ್ಬರಿಗೆ ವಹಿಸೋಣ. ಮುಂದಿನ ಬಿಲ್ಲಿನಲ್ಲಿ ಉಳಿದ ಹಣವನ್ನು ಬಡವರ ಕಾಣಿಕೆ ಡಬ್ಬಕ್ಕೆ ಹಾಕೋಣ.