ತಲೆನೋವು ನೆವವಲ್ಲ

ಜ್ವರ ಬಂದವರ ಮೈ ಮುಟ್ಟಿದರೆ ಸುಡುತ್ತದೆ. ಬಿದ್ದು ಗಾಯವಾದರೆ ನೆತ್ತರು ಕಾಣುತ್ತದೆ. ತಲೆನೋವಿಗೆ ಮಾತ್ರ ಅಂಥ ಸಾಕ್ಷಿ ಯಾವುದೂ ಇಲ್ಲ. ನೋಯುವವರು ಹೇಳಬೇಕು, ಕೇಳುವವರು ನಂಬಬೇಕು. ಈ ನಂಬಿಕೆ ದೊರೆಯದೆ ಹೋದಲ್ಲಿ ಶಾಲೆಗೆ ಹೋಗುವ ಮಗು ಕಳ್ಳನೆನಿಸಿಕೊಳ್ಳುತ್ತದೆ. ಮನೆವಾರ್ತೆ ನೋಡುವ ಗೃಹಿಣಿ ಸೋಮಾರಿಯೆನಿಸಿಕೊಳ್ಳುತ್ತಾಳೆ. ವೈದ್ಯರು ಮೈಗ್ರೇನ್ ಎಂದು ಕರೆಯುವ ಅರೆತಲೆನೋವಿನಲ್ಲಿ ನೋವಿನಷ್ಟೇ ಕ್ರೂರವಾದುದು ಈ ಅಪವಾದ.

ಈ ವ್ಯಾಧಿ ಇಂದಿನ ನಾಗರಿಕತೆಯ ಕೊಡುಗೆಯೆಂದು ತಿಳಿಯುವವರುಂಟು. ಅದು ಸರಿಯಲ್ಲ. ನಮ್ಮ ಪ್ರಾಚೀನ ವೈದ್ಯಗ್ರಂಥಗಳು ಇದನ್ನು ‘ಅರ್ಧಾವಭೇದಕ’ವೆಂದು ಹೆಸರಿಸಿ ಶಿರೋರೋಗಗಳಲ್ಲಿ ಸೇರಿಸಿವೆ. ಗ್ರೀಕರೂ ಇದನ್ನು ‘ಅರ್ಧ ಕಪಾಲ’ದ ನೋವೆಂದೇ ಕರೆದರು; ಆ ಗ್ರೀಕ್ ಶಬ್ದವೇ ಸವೆದು ಸವೆದು ಫ್ರೆಂಚರ ಬಾಯಲ್ಲಿ ಮೈಗ್ರೇನ್ ಆಯಿತು. ದೂರದೂರದ ಎರಡು ನಾಡುಗಳ ವೈದ್ಯರು ತಲೆಯ ಒಂದೇ ಮಗ್ಗುಲು ಸೀಳಿದಂತಾಗುವ ಒಂದೇ ಬೇನೆಯನ್ನು ಕಂಡಿದ್ದರು.

ಇದು ಅಪರೂಪದ ಕಾಯಿಲೆಯೂ ಅಲ್ಲ. ಬೆಂಗಳೂರು ನಗರದಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ 18ರಿಂದ 65 ವರ್ಷದ 2,329 ಮಂದಿಯನ್ನು ಮನೆಮನೆಗೆ ಹೋಗಿ ವಿಚಾರಿಸಿದ ಒಂದು ಸಮೀಕ್ಷೆಯ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಅದರಲ್ಲಿ ಪಾಲ್ಗೊಂಡಿದ್ದರು. ಒಂದು ವರ್ಷದ ಅವಧಿಯಲ್ಲಿ ನೂರಕ್ಕೆ ಸುಮಾರು 25 ಮಂದಿಗೆ ಮೈಗ್ರೇನ್ ಬಂದಿದ್ದಿತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅಚ್ಚರಿಯೆಂದರೆ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಓದುಬರಹದವರ, ಕುರ್ಚಿಯ ಮೇಲೆ ಕುಳಿತವರ ಬೇನೆಯಿದು ಎಂಬ ಮಾತಿಗೆ ಇಲ್ಲಿ ಆಧಾರ ಸಿಕ್ಕಲಿಲ್ಲ.

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಂಥ ಊರನ್ನು ನೆನೆದರೆ ಇದರಲ್ಲಿ ಅಚ್ಚರಿ ಉಳಿಯದು. ಪ್ರವಾಸಿಗಳು ಆ ಊರಿಗೆ ಹೋಗುವುದು ಪುಷ್ಕರಣಿಯನ್ನು ನೋಡಲು. ನಡುಹಗಲಲ್ಲಿ ಅದರ ಮೆಟ್ಟಿಲ ಮೇಲೆ ನಿಂತವರಿಗೆ ನೀರಿನ ಮೇಲೆ ಕುಣಿಯುವ ಬಿಸಿಲು ಒಂದು ಚೆಲುವು. ಮೈಗ್ರೇನ್ ಇರುವವರಿಗೆ ಆ ಥಳಕೇ ಸಾಕು, ಸಂಜೆಯ ಹೊತ್ತಿಗೆ ಹಾಸಿಗೆ ಹಿಡಿಯಲು. ಊರ ಸುತ್ತ ಅಡಿಕೆ ತೋಟಗಳು. ಕೊಯ್ಲಿನ ದಿನಗಳಲ್ಲಿ ಹಸಿ ಅಡಿಕೆ ಕಾಯುವುದಿಲ್ಲ. ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಊಟದ ಹೊತ್ತು ತಪ್ಪುತ್ತದೆ, ನಿದ್ದೆ ಕೆಡುತ್ತದೆ, ಒಲೆಯ ಹೊಗೆ ಮುಖಕ್ಕೆ ಅಡರುತ್ತದೆ. ಹಸಿವು, ನಿದ್ದೆಗೇಡು, ಬಿಸಿಲು, ಕಟುವಾದ ವಾಸನೆ—ಈ ನಾಲ್ಕೂ ಮೈಗ್ರೇನನ್ನು ಕೆರಳಿಸಬಲ್ಲವು. ಪರೀಕ್ಷೆಯ ಕಾಲದ ಪಟ್ಟಣದ ಮನೆಗಳಲ್ಲಿಯೂ ಇವೇ ಬೇರೆ ವೇಷದಲ್ಲಿ ಬರುತ್ತವೆ.

ಹಿಂದೆ ತಲೆಯ ರಕ್ತನಾಳಗಳ ಹಿಗ್ಗುವಿಕೆಯೇ ಈ ನೋವಿನ ಮೂಲವೆಂದು ನಂಬಲಾಗಿತ್ತು. ಮೆದುಳೂ ಮುಖಕ್ಕೆ ಸಂವೇದನೆ ನೀಡುವ ನರವೊಂದೂ ಇದರಲ್ಲಿ ಮುಖ್ಯವೆಂದು ಈಗ ತಿಳಿದಿದೆ. ಕೆಲವರ ಮೆದುಳು ಹುಟ್ಟಿನಿಂದಲೇ ಬದಲಾವಣೆಯನ್ನು ಸಹಿಸದು. ತಂದೆಗೋ ತಾಯಿಗೋ ಮೈಗ್ರೇನ್ ಇದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ನೋವಿಗೆ ಮುನ್ನ ಆಕಳಿಕೆ, ಸಿಡುಕು, ಏನನ್ನಾದರೂ ತಿನ್ನುವ ಚಪಲ ತೋರಬಹುದು. ಕೆಲವರಿಗೆ ಕಣ್ಣೆದುರು ಮಿನುಗುವ ಅಂಕುಡೊಂಕು ಗೆರೆಗಳು ಕಾಣಿಸಿ ಒಂದು ಗಂಟೆಯೊಳಗೆ ಮಾಯವಾಗುತ್ತವೆ. ಬಳಿಕ ನಾಡಿಯ ಮಿಡಿತದಂಥ ನೋವು, ಓಕರಿಕೆ. ಬೆಳಕೂ ಸದ್ದೂ ವೈರಿಗಳಾಗುತ್ತವೆ. ಮದ್ದಿಲ್ಲದಿದ್ದರೆ ದೊಡ್ಡವರಲ್ಲಿ ಇದು 4 ಗಂಟೆಯಿಂದ ಮೂರು ದಿನದವರೆಗೂ ಇರಬಲ್ಲುದು.

ಮಕ್ಕಳಲ್ಲಿ ಇದರ ರೂಪವೇ ಬೇರೆ. ಮನೆಯವರು ಮೋಸಹೋಗುವುದು ಇಲ್ಲಿಯೇ. ನೋವು ಒಂದು ಮಗ್ಗುಲಲ್ಲಿರದೆ ಹಣೆಯ ಉದ್ದಗಲಕ್ಕೂ ಇರಬಹುದು. ಎರಡು ಗಂಟೆಯಲ್ಲಿ ಮುಗಿದೂ ಹೋಗಬಹುದು. ಕೆಲವು ಮಕ್ಕಳಿಗೆ ತಲೆಗಿಂತ ಹೊಟ್ಟೆಯೇ ನೋಯುತ್ತದೆ. “ಅಮ್ಮಾ, ತಲೆ ನೋಯುತ್ತಿದೆ” ಎಂದು ಮಗು ಬೆಳಿಗ್ಗೆ ಹೇಳುತ್ತದೆ. “ಇವತ್ತು ಲೆಕ್ಕದ ಪರೀಕ್ಷೆಯಲ್ಲವೆ, ಅದಕ್ಕೇ!” ಎಂದು ತಾಯಿ ಉತ್ತರಿಸುತ್ತಾಳೆ. ಮಧ್ಯಾಹ್ನ ವಾಂತಿಯಾಗಿ, ಕತ್ತಲ ಕೋಣೆಯಲ್ಲಿ ಒಂದು ನಿದ್ದೆ ತೆಗೆದು, ಸಂಜೆಗೆ ಮಗು ಆಟಕ್ಕೆ ಓಡಿದರೆ ತಾಯಿಯ ಸಂಶಯ ನಿಶ್ಚಯವಾಗುತ್ತದೆ. ಆದರೆ ನಿದ್ದೆಯಿಂದ ಪೂರ್ತಿ ಗುಣವಾಗುವುದು ಈ ವ್ಯಾಧಿಯ ಸ್ವಭಾವ, ಮಗುವಿನ ಕಪಟವಲ್ಲ. ಪರೀಕ್ಷೆಯ ದಿನವೇ ನೋವು ಬಂದರೂ ಅದು ನೋವೇ. ಆತಂಕವೂ ಬರಿಹೊಟ್ಟೆಯೂ ಕೂಡಿ ಅದನ್ನು ಕರೆತಂದಿರುತ್ತವೆ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು ಒಂದು ಪುಸ್ತಕ. ನೋವು ಬಂದ ದಿನ, ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ಉಂಡದ್ದು, ಬಿಟ್ಟದ್ದು, ಹೆಂಗಸರಾದರೆ ಮುಟ್ಟಿನ ದಿನ, ನುಂಗಿದ ಮಾತ್ರೆ—ಇಷ್ಟನ್ನು ಎರಡು ಮೂರು ತಿಂಗಳು ಬರೆದಿಟ್ಟರೆ ಯಾರಿಗೆ ಯಾವುದು ಸಲ್ಲದೆಂಬುದು ತಾನಾಗಿ ಹೊಳೆಯುತ್ತದೆ. ಒಬ್ಬರಿಗೆ ಏಕಾದಶಿಯ ಉಪವಾಸ, ಇನ್ನೊಬ್ಬರಿಗೆ ಬಸ್ಸಿನ ಪ್ರಯಾಣ, ಮತ್ತೊಬ್ಬರಿಗೆ ತಪ್ಪಿದ ಬೆಳಗಿನ ಕಾಫಿ. ನಮ್ಮ ದೇಶಕ್ಕೇ ವಿಶೇಷವೆನ್ನಬಹುದಾದ ಕಾರಣವೂ ಒಂದುಂಟು: ತಲೆಸ್ನಾನ. ಹೀಗೆ ನೋವು ಬರುವ 94 ಭಾರತೀಯ ರೋಗಿಗಳ ವಿವರವನ್ನು ಮುಂಬಯಿಯ ತಜ್ಞರೊಬ್ಬರು 2006ರಲ್ಲಿ ಪ್ರಕಟಿಸಿದರು. “ಎರೆದುಕೊಂಡರೆ ತಲೆನೋವು” ಎನ್ನುವ ಅಜ್ಜಿಯ ಮಾತನ್ನು ನಕ್ಕು ತಳ್ಳಬೇಕಾಗಿಲ್ಲ.

ಎರಡನೆಯದು ಹೊತ್ತು. ಊಟ, ನಿದ್ದೆ, ಏಳುವ ವೇಳೆ ರಜೆಯ ದಿನವೂ ಒಂದೇ ಆಗಿರಲಿ. ಮಗು ಬರಿಹೊಟ್ಟೆಯಲ್ಲಿ ಶಾಲೆಗೆ ಹೋಗದಿರಲಿ, ಚೀಲದಲ್ಲಿ ನೀರಿರಲಿ. ದಿನಚರಿಯ ಬೆಲೆಯನ್ನು ಕಡಿಮೆಯೆಂದು ಎಣಿಸಬಾರದು. 8ರಿಂದ 17 ವರ್ಷದ ಮಕ್ಕಳಿಗೆ ಅಮೆರಿಕದಲ್ಲಿ ನಡೆಸಿದ ಪ್ರಯೋಗವೊಂದರ ಫಲ 2017ರಲ್ಲಿ ಹೊರಬಂದಿತು. ನೋವು ಬಾರದಂತೆ ದಿನವೂ ಕೊಡುವ ಎರಡು ಹೆಸರಾದ ಔಷಧಗಳು ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ. ಮೂರು ಗುಂಪಿನಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಕ್ಕಳ ನೋವಿನ ದಿನಗಳು ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿದ್ದವು. ಮಕ್ಕಳಿಗೆ ಔಷಧವೇ ಬೇಡವೆಂದು ಇದರ ಅರ್ಥವಲ್ಲ. ಆರೈಕೆ ಮತ್ತು ಭರವಸೆ ಬರಿಯ ಉಪಚಾರದ ಮಾತಲ್ಲವೆಂದು ಅರ್ಥ.

ಮೂರನೆಯದು ಮಾತ್ರೆಯ ಲೆಕ್ಕ. ನೋವು ಮೊದಲಾದ ಕೂಡಲೆ, ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ನುಂಗಿದರೆ ಕೆಲಸ ಮಾಡುತ್ತದೆ. ಸಹಿಸಿ ಸಹಿಸಿ ಕೊನೆಗೆ ನುಂಗಿದರೆ ಫಲ ಕಡಿಮೆ. ಇವಕ್ಕೆ ಬಗ್ಗದ ನೋವಿಗೆ ಟ್ರಿಪ್ಟಾನ್ ವರ್ಗದ ಔಷಧಗಳುಂಟು. ಮೇಲಿಂದ ಮೇಲೆ ಬಂದು ಕಾಡುವ ದೊಡ್ಡವರಿಗೆ ದಿನವೂ ತೆಗೆದುಕೊಳ್ಳುವ ತಡೆಮದ್ದುಗಳುಂಟು. ಆದರೆ ತಿಂಗಳಿಗೆ 15 ದಿನ ಸಾಮಾನ್ಯ ನೋವಿನ ಮಾತ್ರೆಯನ್ನೋ, 10 ದಿನ ಟ್ರಿಪ್ಟಾನ್ ಅಥವಾ ಮಿಶ್ರಮಾತ್ರೆಯನ್ನೋ ಮೂರು ತಿಂಗಳಿಗೂ ಮೀರಿ ನುಂಗುವವರಿಗೆ ಆ ಮಾತ್ರೆಯೇ ದಿನನಿತ್ಯದ ತಲೆನೋವನ್ನು ತಂದೊಡ್ಡಬಹುದು. ಮನೆಯವರ ಮಾತಿಗೆ ಅಂಜಿ, ನೋವನ್ನು ಬಚ್ಚಿಟ್ಟು, ಅಂಗಡಿಯ ಮಾತ್ರೆ ನುಂಗುತ್ತಲೇ ಒಲೆಯ ಮುಂದೆ ನಿಲ್ಲುವ ಹೆಂಗಸರು ಈ ಬಲೆಗೆ ಬೀಳುತ್ತಾರೆ. ಮಕ್ಕಳಿಗೆ ಆಸ್ಪಿರಿನ್ ಮಾತ್ರ ಕೊಡಲೇಬಾರದು. ಕಣ್ಣೆದುರು ಗೆರೆ ಮಿನುಗುವ ಸ್ತ್ರೀಯರು ಸಂತಾನನಿಯಂತ್ರಣದ ಮಾತ್ರೆಗೆ ಮುಂಚೆ ಅದನ್ನು ವೈದ್ಯರಿಗೆ ತಿಳಿಸಬೇಕು.

ಎಲ್ಲ ತಲೆನೋವೂ ಮೈಗ್ರೇನಲ್ಲ. ಸಿಡಿಲಿನಂತೆ ಒಮ್ಮೆಲೇ ಎರಗಿದ ನೋವು, ಜ್ವರದೊಡನೆ ಕತ್ತು ಸೆಡೆತುಕೊಂಡ ನೋವು, ಕೈಕಾಲು ಸೋಲುವುದು, ಮಾತು ತೊದಲುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು—ಇವುಗಳಿಗೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಐವತ್ತು ದಾಟಿದ ಮೇಲೆ ಮೊದಲ ಸಲ ಬಂದ ನೋವನ್ನೂ, ಮಗುವನ್ನು ಬೆಳಗಿನ ಜಾವ ಎಬ್ಬಿಸಿ ವಾಂತಿ ಮಾಡಿಸುವ ನೋವನ್ನೂ, ದಿನದಿನಕ್ಕೆ ಏರುವ ನೋವನ್ನೂ ವೈದ್ಯರಿಗೆ ಬೇಗನೆ ತೋರಿಸಬೇಕು.

ಉಳಿದುದು ಮನೆಯವರ ಕೈಯಲ್ಲಿದೆ. ಕಿಟಕಿಯ ಪರದೆ ಎಳೆಯುವುದು, ರೇಡಿಯೋ ನಿಲ್ಲಿಸುವುದು, ಆ ಹೊತ್ತಿನ ಅಡುಗೆಯನ್ನು ಗಂಡನೋ ಮಗನೋ ನೋಡಿಕೊಳ್ಳುವುದು, ಉಪಾಧ್ಯಾಯರಿಗೆ ಒಂದು ಚೀಟಿ ಬರೆಯುವುದು—ಇವಕ್ಕೆ ಹಣ ಬೇಕಾಗಿಲ್ಲ. ಇವುಗಳಿಂದ ವ್ಯಾಧಿ ನಿರ್ಮೂಲವಾಗದೆಂಬುದು ನಿಜ. ಆದರೆ ತನ್ನ ಮಾತನ್ನು ನಂಬುವವರಿದ್ದಾರೆಂದು ತಿಳಿದ ಮಗು ನೋವು ಮೊಳೆತ ಗಳಿಗೆಯಲ್ಲೇ ಬಂದು ಹೇಳುತ್ತದೆ. ಮದ್ದು ನಾಟುವುದು ಆ ಗಳಿಗೆಯಲ್ಲಿಯೇ.