ಅಕ್ಕಿ ರೊಟ್ಟಿ, ಜೋಳದ ರೊಟ್ಟಿ ತಿಂದರೆ ಸಾಕೇ? ಪ್ರವಾಸದಲ್ಲಿ ಗ್ಲುಟೆನ್ ಬಗ್ಗೆ ತಿಳಿಯಬೇಕಾದದ್ದು

‘ಗೋಧಿ ಬಿಟ್ಟರೆ ಎಲ್ಲ ಕಾಯಿಲೆ ಮಾಯ’ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಹರಿದಾಡುತ್ತದೆ. ಇದು ನಿಜವಲ್ಲ. ಆದರೆ ಸೀಲಿಯಾಕ್ ಕಾಯಿಲೆ ಇರುವವರಿಗೆ ಗೋಧಿ ಬಿಡುವುದೇ ಚಿಕಿತ್ಸೆ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ, ಅವರ ರೋಗನಿರೋಧಕ ವ್ಯವಸ್ಥೆ ಸಣ್ಣ ಕರುಳಿನ ಒಳಪದರಕ್ಕೇ ಹಾನಿ ಮಾಡುತ್ತದೆ.

ನಮ್ಮ ಊಟದಲ್ಲೇ ಇದೆ ಪರಿಹಾರ

ಬೀದರ್ ತಾಲ್ಲೂಕಿನ ಬಗದಲ್ ಕಡೆ ದಿನವೂ ತಿನ್ನುವ ಜೋಳದ ರೊಟ್ಟಿಯಲ್ಲಿ ಗ್ಲುಟೆನ್ ಇಲ್ಲ. ಸಜ್ಜೆ, ರಾಗಿ, ಅಕ್ಕಿಯಲ್ಲೂ ಇಲ್ಲ. ಅಲ್ಲಿಂದ ಮಡಿಕೇರಿಗೆ ಪ್ರವಾಸ ಹೋದರೂ ಅಕ್ಕಿಯಿಂದಲೇ ಮಾಡುವ ಕಡಂಬುಟ್ಟು, ನೂಪುಟ್ಟು, ಅಕ್ಕಿ ರೊಟ್ಟಿ ಸಿಗುತ್ತವೆ. ಹಾಗಾದರೆ ತೊಂದರೆ ಎಲ್ಲಿ?

ಅಡುಗೆಮನೆಯಲ್ಲಿ

ಚಪಾತಿ ಬೇಯಿಸಿದ ತವಾದ ಮೇಲೆಯೇ ಅಕ್ಕಿ ರೊಟ್ಟಿ ಬೇಯಿಸಿದರೆ ಗೋಧಿ ಹಿಟ್ಟು ಅಂಟುತ್ತದೆ. ಬಿಸಿ ಮಾಡಿದರೆ ಗ್ಲುಟೆನ್ ಹೋಗುವುದಿಲ್ಲ. ಸಾಂಬಾರಿಗೆ ಹಾಕುವ ಇಂಗಿನ ಪುಡಿಯಲ್ಲಿ ಹಲವು ಬಾರಿ ಗೋಧಿ ಹಿಟ್ಟು ಬೆರೆತಿರುತ್ತದೆ. ರವೆ ಇಡ್ಲಿ, ಉಪ್ಪಿಟ್ಟು, ರವೆ ಹಚ್ಚಿ ಕರಿದ ಮೀನು, ಸೋಯಾ ಸಾಸ್ ಹಾಕಿದ ಗೋಬಿ ಮಂಚೂರಿ ಕೂಡ ಸುರಕ್ಷಿತವಲ್ಲ. ಊರಿನ ಗಿರಣಿಯಲ್ಲಿ ಗೋಧಿ ಬೀಸಿದ ಕೂಡಲೇ ಜೋಳ ಬೀಸಿದರೂ ಇದೇ ಸಮಸ್ಯೆ.

‘ಸ್ವಲ್ಪ ತಿಂದರೆ ಏನಾಗುತ್ತದೆ?’ ಎಂದು ಕೇಳುವವರಿದ್ದಾರೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ‘ಗ್ಲುಟೆನ್ ಫ್ರೀ’ ಎಂದು ಬರೆದ ಆಹಾರದಲ್ಲಿ ಕೆ.ಜಿ.ಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು. ಹೊಟ್ಟೆನೋವು ಬರದಿದ್ದರೂ ಕರುಳಿಗೆ ಹಾನಿಯಾಗಿರಬಹುದು.

ಹೋಟೆಲ್‌ನಲ್ಲಿ ಏನು ಹೇಳಬೇಕು?

‘ಗ್ಲುಟೆನ್ ಬೇಡ’ ಎಂದರೆ ಎಲ್ಲರಿಗೂ ಅರ್ಥವಾಗದು. ರೂಮ್ ಬುಕ್ ಮಾಡುವಾಗಲೇ ಫೋನಿನಲ್ಲಿ, ‘ಗೋಧಿ, ಮೈದಾ, ರವೆ, ಬಾರ್ಲಿ, ಇಂಗು ಹಾಕಬೇಡಿ, ತೊಳೆದ ಬೇರೆ ತವಾ, ಬೇರೆ ಎಣ್ಣೆ ಬಳಸಿ’ ಎಂದು ಬಿಡಿಸಿ ಹೇಳಿ. ಊಟಕ್ಕೆ ಕೂರುವ ಮುನ್ನ ಅಡುಗೆಯವರಿಗೇ ಮತ್ತೊಮ್ಮೆ ನೆನಪಿಸಿ. ಮನೆಯ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಜೊತೆಗಿಟ್ಟುಕೊಳ್ಳಿ; ಎರಡೂ ಬೇಗ ಕೆಡುವುದಿಲ್ಲ.

ಗೋಧಿ ಬಿಡುವ ಮೊದಲು ಪರೀಕ್ಷೆ

ಫಾರ್ವರ್ಡ್ ನಂಬಿ ನೀವಾಗಿಯೇ ಗೋಧಿ ಬಿಟ್ಟರೆ ಸೀಲಿಯಾಕ್ ಇದ್ದರೂ ರಕ್ತ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು. ಬಹುದಿನದ ಭೇದಿ, ಗುಣವಾಗದ ರಕ್ತಹೀನತೆ, ಮಕ್ಕಳ ಬೆಳವಣಿಗೆ ಕುಂಠಿತವಾಗುವುದು ಇದರ ಲಕ್ಷಣಗಳಿರಬಹುದು. ಇವು ಕಂಡರೆ ಗೋಧಿ ತಿನ್ನುತ್ತಿರುವಾಗಲೇ ವೈದ್ಯರ ಬಳಿ ಹೋಗಿ. ಗುಂಪಿಗೆ ಏನಾದರೂ ಕಳಿಸುವುದಿದ್ದರೆ ಈ ಮಾತನ್ನು ಕಳಿಸಿ.