ಬಿಚ್ಚುವ ಮುನ್ನ ಸದ್ದನ್ನು ಕೇಳಿರಿ

ನಮ್ಮ ಹಿರಿಯ ಓದುಗರೊಬ್ಬರು, ಅಮೆರಿಕೆಯಲ್ಲಿ ಉದ್ಯೋಗದಲ್ಲಿರುವ ತಮ್ಮ ಮಗನ ಕಾರಿನ ತೊಂದರೆಯನ್ನು ಕುರಿತು ಪತ್ರ ಬರೆದಿದ್ದಾರೆ. ಆತ ಬಹುದಿನಗಳ ಆಸೆಯಿಂದ 2003ರ ಫೋರ್ಡ್ ಮಸ್ಟಾಂಗ್ ಜಿಟಿ ಕಾರನ್ನು ಹಳೆಯದಾಗಿಯೇ ಕೊಂಡರಂತೆ. ನೇರ ರಸ್ತೆಯಲ್ಲಿ ಯಾವ ದೋಷವೂ ಇಲ್ಲ. ಆದರೆ ನಿಧಾನವಾಗಿ ತಿರುಗಿಸುವಾಗ ಹಿಂಬದಿಯಿಂದ ಗರಗರ ಸದ್ದು, ಜೊತೆಗೆ ನಡುಕ. ಒಂದು ಗ್ಯಾರೇಜಿನವರು ಇಡೀ ಡಿಫರೆನ್ಷಿಯಲ್ಲನ್ನೇ ಬದಲಿಸಬೇಕೆಂದು ದೊಡ್ಡ ಮೊತ್ತ ಹೇಳಿದ್ದಾರೆ. ಒಪ್ಪಬಹುದೇ ಎಂಬುದು ತಂದೆಯವರ ಪ್ರಶ್ನೆ.

ಆತುರ ಬೇಡವೆಂಬುದೇ ನಮ್ಮ ಉತ್ತರ. ಕಾರು ತಿರುಗುವಾಗ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಈ ವ್ಯತ್ಯಾಸಕ್ಕೆ ಅವಕಾಶ ಕೊಡುವುದೇ ಡಿಫರೆನ್ಷಿಯಲ್ಲಿನ ಕೆಲಸ. ವೇಗದ ಕಾರುಗಳಲ್ಲಿ ಒಂದೇ ಚಕ್ರ ಜಾರಿ ಬರಿದೆ ಸುತ್ತದಿರಲೆಂದು ಅದರೊಳಗೆ ಕ್ಲಚ್ ತಟ್ಟೆಗಳನ್ನು ಅಳವಡಿಸಿರುತ್ತಾರೆ. ತಿರುವಿನಲ್ಲಿ ಈ ತಟ್ಟೆಗಳು ಒಂದರ ಮೇಲೊಂದು ನಯವಾಗಿ ಜಾರಬೇಕು. ಎಣ್ಣೆ ಹಳತಾದರೆ, ಇಲ್ಲವೇ ತಕ್ಕ ಸೇರ್ಪಡೆ ಇಲ್ಲದ ಎಣ್ಣೆ ಹಾಕಿದರೆ, ಅವು ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಡುಗುತ್ತವೆ. ಪತ್ರದಲ್ಲಿರುವ ಲಕ್ಷಣ ಬಹುಮಟ್ಟಿಗೆ ಇದೇ.

ಇದಕ್ಕೆ ಮೊದಲ ಪರಿಹಾರ ಎಣ್ಣೆಯ ಬದಲಾವಣೆ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಗೇರ್ ಎಣ್ಣೆಯೊಡನೆ ಸುಮಾರು 118 ಮಿಲಿಲೀಟರ್ ಫ್ರಿಕ್ಷನ್ ಮಾಡಿಫೈಯರ್ ಎಂಬ ದ್ರವವನ್ನು ಸೇರಿಸಬೇಕು. ಕೆಲವು ಎಣ್ಣೆಗಳಲ್ಲಿ ಅದು ಮೊದಲೇ ಬೆರೆತಿರುವುದರಿಂದ ಡಬ್ಬಿಯ ಮೇಲಿನ ಬರಹ ಓದುವುದು ಅವಶ್ಯ. ಅನಂತರ ಖಾಲಿ ಬಯಲಿನಲ್ಲಿ ಇಂಗ್ಲಿಷಿನ ಎಂಟರ ಅಂಕಿಯಂತೆ ನಿಧಾನವಾಗಿ ಹಲವು ಸುತ್ತು ಓಡಿಸಿದರೆ ಹೊಸ ಎಣ್ಣೆ ತಟ್ಟೆಗಳ ನಡುವೆ ಇಳಿಯುತ್ತದೆ. ಆಗಲೂ ನಡುಕ ನಿಲ್ಲದಿದ್ದರೆ ತಟ್ಟೆಗಳನ್ನು ಬದಲಿಸುವ ಮಾತು ಬರುತ್ತದೆ.

ಸ್ವತಃ ಮಾಡುವವರಿಗೆ ಎರಡು ಎಚ್ಚರಿಕೆಗಳು. ಕೇವಲ ಜಾಕಿನ ಆಧಾರದ ಮೇಲೆ ನಿಂತ ಕಾರಿನಡಿ ಎಂದಿಗೂ ನುಸುಳಬಾರದು. ಗಟ್ಟಿಯಾದ ಸ್ಟ್ಯಾಂಡುಗಳು ಇರಲೇಬೇಕು. ಹಳೆಯ ಎಣ್ಣೆ ಇಳಿಸುವ ಮುನ್ನ ಹೊಸದನ್ನು ತುಂಬುವ ರಂಧ್ರದ ಬಿರಡೆ ಬಿಚ್ಚಿಕೊಳ್ಳುವುದೇ ಎಂದು ನೋಡಬೇಕು. ಅದು ತುಕ್ಕು ಹಿಡಿದು ಕೂತಿದ್ದರೆ ಎಣ್ಣೆಯಿಲ್ಲದ ಕಾರು ಅಲ್ಲಿಯೇ ಉಳಿದೀತು.

ಆದರೆ ಎಲ್ಲ ಸದ್ದಿಗೂ ಎಣ್ಣೆಯೇ ಮದ್ದಲ್ಲ. ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆಯಾಗಿ ಊಳಿಡುವ ಸದ್ದಾದರೆ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಸವೆದಿರಬಹುದು, ಇಲ್ಲವೇ ಅವುಗಳ ಹೊಂದಾಣಿಕೆ ತಪ್ಪಿರಬಹುದು. ಆ ಹಲ್ಲುಗಳ ನಡುವೆ ಇರಬೇಕಾದ ಸಡಿಲು ಸುಮಾರು ಕಾಲು ಮಿಲಿಮೀಟರ್ ಮಾತ್ರ. ಅದನ್ನು ಅಳೆದು ಕೂರಿಸುವುದು ನುರಿತವರ ಕೆಲಸ. ವೇಗದೊಡನೆ ಏರುವ ಒಂದೇ ಸಮನೆಯ ಗುಡುಗು ಬೇರಿಂಗಿನದಾಗಿರಬಹುದು. ರಸ್ತೆಯ ಮೈ ಬದಲಾದೊಡನೆ ಸದ್ದೂ ಬದಲಾದರೆ ಅದು ಟೈರಿನದು, ಡಿಫರೆನ್ಷಿಯಲ್ಲಿನದಲ್ಲ.

ಇಳಿಸಿದ ಎಣ್ಣೆಯೂ ಸಾಕ್ಷಿ ನುಡಿಯುತ್ತದೆ. ಅಯಸ್ಕಾಂತಕ್ಕೆ ಅಂಟಿದ ನುಣುಪಾದ ಬೂದುಬಣ್ಣದ ಹಿಟ್ಟು ಸಹಜ ಸವೆತ. ಲೋಹದ ಚೂರುಗಳು ಕಂಡರೆ ಕಾರನ್ನು ಮುಂದೆ ಓಡಿಸಬಾರದು. ಬೇರಿಂಗ್ ಕಚ್ಚಿಕೊಂಡು ಹೆದ್ದಾರಿಯ ವೇಗದಲ್ಲಿ ಹಿಂಬದಿಯ ಚಕ್ರಗಳು ಬಿಗಿದು ನಿಂತರೆ ಒದಗುವ ಅಪಾಯದ ಮುಂದೆ ದುರಸ್ತಿಯ ವೆಚ್ಚ ಯಾವ ಲೆಕ್ಕ?

ಆದುದರಿಂದ ಆ ತಂದೆಯವರು ಮಗನಿಗೆ ಹೀಗೆ ಬರೆಯಲಿ: ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಒಂದು ವಾರ ಗುರುತು ಹಾಕಿಕೋ. ಆ ಚೀಟಿಯನ್ನು ಹಿಡಿದು ಮತ್ತೊಬ್ಬ ಅನುಭವಿ ಮೆಕ್ಯಾನಿಕ್‌ರನ್ನು ಕಾಣು. ಅಗ್ಗದ ಪರಿಹಾರ ಮೊದಲು, ದುಬಾರಿಯದು ಕೊನೆಗೆ. ಆದರೆ ಲೋಹದ ಚೂರು ಕಂಡ ದಿನ ಹಣದ ಮುಖ ನೋಡಬೇಡ.